ಕ್ಯಾಮೆರಾ ಕ್ಲಬ್, ಫೋಟೋ ಸ್ಪರ್ಧೆ, ತೀರ್ಪು: ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡದ ಕಾರವಾರ, ಕುಮಟಾ, ಶಿರಸಿ ಕಡೆ ಫೋಟೋಗ್ರಫಿ ಬಗ್ಗೆ ಮಾತಾಡಲು ಅಥವಾ ಸ್ಪರ್ಧೆಗೆ ತೀರ್ಪು ಕೊಡಲು ಹೋದಾಗ ಜನ ಕೇಳುವ ಪ್ರಶ್ನೆಗಳು ಇವು. ಹೆಚ್ಚಿನವು ಕಾರ್ಯಕ್ರಮ ಮುಗಿದು ಚಹಾ ಕುಡಿಯುವಾಗ ಬಂದವು, ಕೆಲವು ಪತ್ರದಲ್ಲಿ ಬಂದವು. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಮೊದಲು ಹೊಸಬರ ಪ್ರಶ್ನೆಗಳಿವೆ. ತೀರ್ಪುಗಾರರು, ಆಯೋಜಕರು ಕೇಳಿದ್ದು ಕೊನೆಯಲ್ಲಿದೆ.

## ಹೊಸಬರಿಗೆ

ನನ್ನ ಹತ್ರ ಇರೋದು ಮೊಬೈಲ್ ಮಾತ್ರ. ಕ್ಲಬ್ಬಿಗೆ ಬರಬಹುದಾ?

ಖಂಡಿತ ಬನ್ನಿ. ಈಗ ಅನೇಕ ಸ್ಪರ್ಧೆಗಳಲ್ಲಿ ಮೊಬೈಲ್ ಫೋಟೋಗೆ ಬೇರೆ ವಿಭಾಗವೇ ಇದೆ. ಒಂದು ಎಚ್ಚರಿಕೆ ಮಾತ್ರ ಬೇಕು. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕುಗ್ಗಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಇಮೇಲ್ ಮಾಡಿ.

ಸಭೆಯಲ್ಲಿ ಏನು ನಡೆಯುತ್ತೆ? ಸುಮ್ನೆ ಕೂತು ಕೇಳೋದಾ?

ಸಾಮಾನ್ಯವಾಗಿ ಮೂರು ಬಗೆಯ ಕಾರ್ಯಕ್ರಮ ಇರುತ್ತದೆ. ಯಾರಾದರೂ ಅನುಭವಿಗಳು ತಮ್ಮ ಚಿತ್ರ ತೋರಿಸಿ ಮಾತಾಡುತ್ತಾರೆ. ಇನ್ನೊಂದು ದಿನ ಸದಸ್ಯರ ಚಿತ್ರಗಳನ್ನೇ ಪರದೆಗೆ ಹಾಕಿ ವಿಮರ್ಶೆ ಮಾಡುತ್ತಾರೆ. ಮತ್ತೊಂದು ದಿನ ಸ್ಪರ್ಧೆ. ನನ್ನ ಮಟ್ಟಿಗೆ ಜಾಸ್ತಿ ಕಲಿಯುವುದು ವಿಮರ್ಶೆಯ ದಿನ. ಅವತ್ತು ಗೆಲ್ಲುವ ಸೋಲುವ ಚಿಂತೆ ಇರುವುದಿಲ್ಲ, ಬೇರೆಯವರ ಫೋಟೋದಲ್ಲಿ ನಮ್ಮದೇ ತೊಡಕು ಕಾಣಿಸುತ್ತದೆ. ಮೊದಲ ದಿನವೇ ಎರಡು ಮೂರು ಚಿತ್ರ ಪೆನ್‌ಡ್ರೈವಿನಲ್ಲಿ ತನ್ನಿ.

ನಾನು ಮದುವೆ ಫೋಟೋ ತೆಗೀತೇನೆ. ಹವ್ಯಾಸಿ ಅಂತ ಸೇರಬಹುದಾ?

ಆಯಾ ಸ್ಪರ್ಧೆಯ ನಿಯಮ ನೋಡಬೇಕು. ಫೋಟೋದಿಂದಲೇ ಜೀವನ ನಡೆಸುವವರನ್ನು ಕೆಲವರು ಹೊರಗಿಡುತ್ತಾರೆ. ಸಲೋನ್‌ಗಳಲ್ಲಿ (ದೊಡ್ಡ ಸಂಸ್ಥೆಯ ಮಾನ್ಯತೆ ಪಡೆದ ಸ್ಪರ್ಧೆಗಳಲ್ಲಿ) ಹೆಚ್ಚಾಗಿ ಎಲ್ಲರಿಗೂ ಅವಕಾಶ ಇದೆ. ನಿಯಮದಲ್ಲಿ ಸ್ಪಷ್ಟ ಇಲ್ಲದಿದ್ದರೆ ಮೊದಲೇ ಫೋನ್ ಮಾಡಿ ಕೇಳಿ.

ಸಲೋನ್, ಎಫ್‌ಐಎಪಿ, ಪಿಎಸ್‌ಎ ಅಂತೆಲ್ಲ ಹೇಳ್ತಾರಲ್ಲ, ಏನದು?

ಸಲೋನ್ ಎಂದರೆ ಯಾವುದಾದರೂ ದೊಡ್ಡ ಸಂಸ್ಥೆಯ ಮಾನ್ಯತೆ ಪಡೆದು, ಅದರ ನಿಯಮದಂತೆ ನಡೆಯುವ ಫೋಟೋ ಸ್ಪರ್ಧೆ. ಅಲ್ಲಿ ಬಹುಮಾನ ಬಾರದಿದ್ದರೂ ಚಿತ್ರ ಆಯ್ಕೆಯಾದರೆ ಅದಕ್ಕೂ ಲೆಕ್ಕ ಇದೆ. ಅಂಥ ಆಯ್ಕೆಗಳು ಕೂಡುತ್ತಾ ಹೋದ ಹಾಗೆ ಹೆಸರಿನ ಮುಂದೆ ಎಎಫ್‌ಐಎಪಿ, ಇಎಫ್‌ಐಎಪಿ ಮುಂತಾದ ಗೌರವ ಸೇರುತ್ತದೆ.

ಎಫ್‌ಐಎಪಿ ಯುರೋಪಿನಲ್ಲಿ 1950ರಲ್ಲಿ ಹುಟ್ಟಿದ, ಹಲವು ದೇಶಗಳ ಫೋಟೋ ಸಂಘಗಳ ಒಕ್ಕೂಟ. ಪಿಎಸ್‌ಎ ಅಮೆರಿಕದ್ದು, 1934ರದ್ದು. ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಇವೆರಡಕ್ಕಿಂತ ಹಳೆಯದು, 1853ರದ್ದು. ನಮ್ಮ ದೇಶದಲ್ಲಿ ಫೆಡರೇಶನ್ ಆಫ್ ಇಂಡಿಯನ್ ಫೋಟೋಗ್ರಫಿ 1953ರಿಂದ ಇದೆ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಲ್ಲಿ ಶುರುವಾಯಿತು. ಸಿ. ರಾಜಗೋಪಾಲ್, ಇ. ಹನುಮಂತ ರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರಿಂದಾಗಿ ಹೊರದೇಶದ ಸಲೋನ್‌ಗಳಲ್ಲಿ ಕರ್ನಾಟಕದ ಹೆಸರು ಗಟ್ಟಿಯಾಗಿ ನಿಂತಿದೆ. ಅವರ ಚಿತ್ರಗಳು ಎಲ್ಲಾದರೂ ಪ್ರದರ್ಶನಕ್ಕೆ ಬಂದರೆ ದಯವಿಟ್ಟು ಹೋಗಿ ನೋಡಿ. ಮೊಬೈಲ್ ಪರದೆಯಲ್ಲಿ ನೋಡುವುದಕ್ಕೂ ಪ್ರಿಂಟಿನ ಎದುರು ನಿಲ್ಲುವುದಕ್ಕೂ ತುಂಬಾ ವ್ಯತ್ಯಾಸ ಇದೆ.

## ಚಿತ್ರ ಕಳಿಸುವವರಿಗೆ

ನನ್ನ ಸನ್‌ಸೆಟ್ ಫೋಟೋಗೆ ಎಲ್ಲರೂ ಸೂಪರ್ ಅಂದಿದ್ರು. ಮೊದಲ ಸುತ್ತಲ್ಲೇ ಯಾಕೆ ಹೊರಗೆ ಹೋಯ್ತು?

ನಮ್ಮ ಕರಾವಳಿ ಪಶ್ಚಿಮಕ್ಕೆ ಮುಖ ಮಾಡಿದೆ. ಸೂರ್ಯ ನೇರ ಸಮುದ್ರದಲ್ಲೇ ಮುಳುಗುತ್ತಾನೆ. ಹಾಗಾಗಿ ಟ್ಯಾಗೋರ್ ಕಡಲತೀರ, ಓಂ ಬೀಚ್, ಮುರುಡೇಶ್ವರ ಎಲ್ಲ ಕಡೆಯಿಂದಲೂ ಒಂದೇ ಬಗೆಯ ಚಿತ್ರ ಬರುತ್ತದೆ: ಕಿತ್ತಳೆ ಆಕಾಶ, ನಡುವೆ ಸೂರ್ಯ, ಮುಂದೆ ಒಂದು ಕಪ್ಪು ದೋಣಿ. ಇವು ಸಾಲಾಗಿ ಪರದೆಗೆ ಬಂದಾಗ ನಿಮ್ಮದು ಯಾವುದು ಎಂದು ಗುರುತು ಹಿಡಿಯುವುದೇ ಕಷ್ಟ. ಚಿತ್ರ ಕೆಟ್ಟದಾಗಿದೆ ಎಂದು ಯಾರೂ ಹೇಳಿರುವುದಿಲ್ಲ. ಅದರಲ್ಲಿ ನೀವು ಕಂಡದ್ದು ಏನು ಎಂಬುದು ಸಿಕ್ಕಿರುವುದಿಲ್ಲ.

ಬೆಳಿಗ್ಗೆ ಹೋಗಿ ನೋಡಿ. ಸೂರ್ಯ ಘಟ್ಟದ ಹಿಂದಿನಿಂದ ಏರುತ್ತಾನೆ. ನೀವು ಕಡಲಿಗೆ ಮುಖ ಮಾಡಿ ನಿಂತರೆ ಬೆಳಕು ನಿಮ್ಮ ಬೆನ್ನ ಕಡೆಯಿಂದ ಬಂದು ದೋಣಿಯ ಮೇಲೆ, ಬಲೆಯ ಮೇಲೆ, ಜನರ ಮುಖದ ಮೇಲೆ ಬೀಳುತ್ತದೆ. ಹಿಂದೆ ಕಡಲು ನೀಲಿಯಾಗೇ ಉಳಿಯುತ್ತದೆ. ಸಂಜೆಯೇ ಬೇಕೆಂದರೆ ಸೂರ್ಯ ಮುಳುಗಿದ ಮೇಲೂ ಅರ್ಧ ಗಂಟೆ ನಿಲ್ಲಿ. ಎಲ್ಲರೂ ಕ್ಯಾಮೆರಾ ಚೀಲಕ್ಕೆ ಹಾಕಿ ಹೊರಟ ಮೇಲೆ ಬರುವ ಬೆಳಕು ತುಂಬಾ ಮೃದುವಾಗಿರುತ್ತದೆ. ಒದ್ದೆ ಮರಳು, ದೋಣಿಯ ಬಣ್ಣ ಎಲ್ಲ ಆಗ ತೆರೆದುಕೊಳ್ಳುತ್ತದೆ.

ಯಕ್ಷಗಾನದ ಫೋಟೋ ಕಳಿಸಿದ್ದೆ. "ಅಡ್ಡಗೆರೆ ಇದೆ, ಕಿರೀಟ ಕಟ್ ಆಗಿದೆ" ಅಂದ್ರು. ಏನು ಮಾಡಬೇಕು?

ಗೆರೆ ಬರುವುದು ರಂಗದ ದೀಪಗಳಿಂದ. ನಮ್ಮ ವಿದ್ಯುತ್ 50 ಹರ್ಟ್ಸ್ ಇರುವುದರಿಂದ ಲೈನಿನ ಎಸಿ ಕರೆಂಟಿನಲ್ಲೇ ಉರಿಯುವ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಅದು ಕಾಣದು, ಸೈಲೆಂಟ್ ಶಟರಿಗೆ (ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿಗೆ) ಕಾಣುತ್ತದೆ. ಸೈಲೆಂಟ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್ ಬಳಸಿ, ವೇಗ 1/100 ಅಥವಾ 1/50ಕ್ಕೆ ಇಟ್ಟು ನೋಡಿ. ಕೆಲವು ಎಲ್ಇಡಿ ದೀಪಗಳ ಮಿನುಗು ಬೇರೆ ಥರ ಇರುತ್ತದೆ. ಅಲ್ಲಿ ಆಟ ಶುರುವಾಗುವ ಮೊದಲೇ ಒಂದೆರಡು ವೇಗದಲ್ಲಿ ತೆಗೆದು ಪರೀಕ್ಷೆ ಮಾಡಿಕೊಳ್ಳಿ.

1/100ರಲ್ಲಿ ಕುಣಿತ ಅಲುಗಾಡುತ್ತದೆ ಅಲ್ವಾ? ಹೌದು. ಅದಕ್ಕೇ ಚಂಡೆ ಕೇಳುತ್ತಾ ತೆಗೆಯಬೇಕು. ಬಿಡ್ತಿಗೆ (ಕುಣಿತದ ತುಣುಕನ್ನು ಮುಗಿಸುವ ಬಡಿತ) ಮುಗಿಯುವ ಕಡೆ ಪಾತ್ರಧಾರಿ ಒಂದು ಗಳಿಗೆ ನಿಲ್ಲುತ್ತಾರೆ. ತಾಳ ಗೊತ್ತಿದ್ದವರಿಗೆ ಆ ಗಳಿಗೆ ಮೊದಲೇ ಗೊತ್ತಾಗುತ್ತದೆ. ಆಟ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದು ದೊಡ್ಡ ಅನುಕೂಲ.

ಕಿರೀಟ, ಮುಂಡಾಸು, ಕೇದಿಗೆ ಮುಂದಲೆ ವೇಷದ ಅರ್ಧ ಜೀವ. ಅದನ್ನು ತುದಿಯಲ್ಲಿ ಚೂರು ಕತ್ತರಿಸಿದರೆ ತಪ್ಪು ಎಂದೇ ಕಾಣುತ್ತದೆ. ಪೂರ್ತಿ ಸೇರಿಸಿ, ಇಲ್ಲವೇ ಕಣ್ಣು ಮತ್ತು ಬಣ್ಣಗಾರಿಕೆಗಷ್ಟೇ ಧೈರ್ಯವಾಗಿ ಹತ್ತಿರ ಹೋಗಿ. ಹಿಂದಿನ ಬ್ಯಾನರಿನ ಅಕ್ಷರ ತಪ್ಪಿಸಲು ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿದರೂ ಸಾಕು. ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ಅದು ಪಾತ್ರಧಾರಿಗೂ ತೊಂದರೆ, ಪ್ರೇಕ್ಷಕರಿಗೂ ತೊಂದರೆ.

ಕಪ್ಪು ಬಿಳುಪು ಫೋಟೋದಲ್ಲಿ ಕುಂಕುಮ ಒಂದನ್ನೇ ಕೆಂಪು ಬಿಟ್ಟಿದ್ದೆ. ಮೊನೊಕ್ರೋಮ್ ವಿಭಾಗದಲ್ಲಿ ತೆಗೆದುಹಾಕಿದರು.

ಸರಿಯಾಗಿಯೇ ತೆಗೆದಿದ್ದಾರೆ. ಎಫ್‌ಐಎಪಿ ನಿಯಮದಂತೆ ಇಡೀ ಚಿತ್ರಕ್ಕೆ ಒಂದೇ ಬಣ್ಣದ ಛಾಯೆ ಕೊಟ್ಟರೆ ಅದು ಮೊನೊಕ್ರೋಮ್. ಒಂದು ಭಾಗಕ್ಕೆ ಮಾತ್ರ ಬಣ್ಣ ಇದ್ದರೆ ಅದು ಬಣ್ಣದ ಚಿತ್ರ. ಅದೇ ಫೋಟೋವನ್ನು ಕಲರ್ ವಿಭಾಗಕ್ಕೆ ಕಳಿಸಿ.

ನಮ್ಮ ತೋಟದ ದಾಸವಾಳ ನೇಚರ್ ಅಲ್ವಾ? ಯಾಕೆ ಬೇಡ ಅಂದ್ರು?

ಎಫ್‌ಐಎಪಿ, ಪಿಎಸ್‌ಎ, ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಮೂರೂ ಸೇರಿ ನೇಚರ್ ವಿಭಾಗಕ್ಕೆ ಒಂದೇ ವ್ಯಾಖ್ಯೆ ಮಾಡಿಕೊಂಡಿವೆ. ಅದರ ಪ್ರಕಾರ ನಾವು ಬೆಳೆಸಿದ ಗಿಡ, ಕಸಿ ಮಾಡಿದ ಹೂವು, ಸಾಕಿದ ಪ್ರಾಣಿ ಯಾವುದೂ ಇಲ್ಲಿ ನಡೆಯುವುದಿಲ್ಲ. ಮನುಷ್ಯರ ವಸ್ತು ಕಾಣಬಾರದು. ಅದು ಆ ಜೀವಿಯ ಬದುಕಿನ ಕತೆಯ ಭಾಗವೇ ಆಗಿದ್ದರೆ ಮಾತ್ರ ವಿನಾಯಿತಿ ಇದೆ. ಹಳೆ ಕಟ್ಟಡದಲ್ಲಿ ವಾಸ ಮಾಡುವ ಕಣಜ ಗೂಬೆ ಇದಕ್ಕೆ ಉದಾಹರಣೆ.

ಕಾರವಾರದ ಬೈತಖೋಲ ಬಂದರಿನಲ್ಲಿ ಮೀನಿಗೆ ಎರಗುವ ಗರುಡನ ಚಿತ್ರ ತುಂಬಾ ಬರುತ್ತದೆ. ಹಿಂದೆ ದೋಣಿಯ ಹಗ್ಗ, ಡೀಸೆಲ್ ಡಬ್ಬ ಕಂಡರೆ ವಾದ ಶುರುವಾಗುತ್ತದೆ. ನನ್ನ ಅಭಿಪ್ರಾಯ ಹೀಗೆ: ಹಕ್ಕಿ ಬಂದರಿನ ಮೇಲೆ ಬದುಕುವುದೇ ಚಿತ್ರದ ವಿಷಯವಾಗಿದ್ದರೆ ದೋಣಿ ಇರಲಿ. ಮೂಲೆಯಲ್ಲಿ ಆಕಸ್ಮಿಕವಾಗಿ ಸೇರಿದ ಡಬ್ಬಕ್ಕೆ ಆ ವಿನಾಯಿತಿ ಬೇಡ. ಆದರೆ ಆ ಡಬ್ಬವನ್ನು ಸಾಫ್ಟ್‌ವೇರಿನಲ್ಲಿ ಅಳಿಸುವಂತಿಲ್ಲ. ಅಂಚು ಕತ್ತರಿಸುವುದಕ್ಕೆ ಮಾತ್ರ ಅವಕಾಶ.

ಮಂಗಟ್ಟೆ ಗೂಡಿನ ಫೋಟೋ ಸಿಕ್ಕಿದೆ, ಅಪರೂಪದ್ದು. ಕಳಿಸಲಾ?

ಕಳಿಸಬೇಡಿ. ಹೆಣ್ಣು ಮಂಗಟ್ಟೆ (ಹಾರ್ನ್‌ಬಿಲ್) ಮರದ ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿಯನ್ನು ಸಣ್ಣ ಸೀಳು ಬಿಟ್ಟು ಮುಚ್ಚಿಕೊಳ್ಳುತ್ತದೆ. ಅದಕ್ಕೂ ಮರಿಗೂ ಗಂಡೇ ಹಣ್ಣು ತಂದು ಕೊಡಬೇಕು. ಮರದ ಕೆಳಗೆ ಜನ ನಿಂತರೆ ಗಂಡು ಹತ್ತಿರ ಬರಲು ಹೆದರುತ್ತದೆ, ಒಳಗಿದ್ದವಕ್ಕೆ ಉಪವಾಸ. ಒಂದು ಚಿತ್ರಕ್ಕೆ ಬಹುಮಾನ ಬಂದರೆ ಮುಂದಿನ ವಾರ ಅದೇ ಮರಕ್ಕೆ ಇನ್ನಷ್ಟು ಜನ ಹೋಗುತ್ತಾರೆ. ದಾಂಡೇಲಿ, ಜೋಯಿಡಾ ಕಾಡು ಇರುವ ಜಿಲ್ಲೆ ನಮ್ಮದು. ಇಲ್ಲಿ ನಡೆಯುವ ಪ್ರತಿ ಸ್ಪರ್ಧೆಯ ನಿಯಮದಲ್ಲೂ ಗೂಡಿನ ಚಿತ್ರ ಬೇಡ ಎಂದು ಬರೆದಿರಲೇಬೇಕು.

ನೌಕಾನೆಲೆ ಕಡೆಗೆ ಡ್ರೋನ್ ಹಾರಿಸಿ ತೆಗೆದದ್ದು ನಡೆಯುತ್ತಾ?

ಇಲ್ಲ. ರಕ್ಷಣಾ ಪ್ರದೇಶದ ಫೋಟೋಗೆ ಕಾನೂನಿನ ತಡೆ ಇದೆ. ಆಯೋಜಕರು ಅಂಥ ಚಿತ್ರವನ್ನು ತೀರ್ಪಿಗೇ ಇಡಬಾರದು.

ಎಷ್ಟು ಎಡಿಟ್ ಮಾಡಿದ್ರೆ ಜಾಸ್ತಿ ಆಗುತ್ತೆ? ಎಐ ಬಳಸಬಹುದಾ?

ವಿಭಾಗದ ಮೇಲೆ ನಿಂತಿದೆ. ಓಪನ್ ವಿಭಾಗದಲ್ಲಿ ನಿಮ್ಮದೇ ಎರಡು ಚಿತ್ರ ಸೇರಿಸಬಹುದು. ಆಕಾಶ ಬದಲಿಸುವುದಾದರೆ ಆ ಆಕಾಶವೂ ನೀವೇ ತೆಗೆದದ್ದಾಗಿರಬೇಕು. ನೇಚರ್, ಪತ್ರಿಕಾ ಫೋಟೋ, ಪ್ರವಾಸ ವಿಭಾಗಗಳಲ್ಲಿ ಬೆಳಕು, ಬಣ್ಣ, ಅಂಚು ಸರಿಮಾಡುವುದಷ್ಟೇ. ಏನನ್ನೂ ಸೇರಿಸುವ, ತೆಗೆಯುವ ಹಾಗಿಲ್ಲ.

ಇದು ಸಣ್ಣ ವಿಷಯ ಎಂದುಕೊಳ್ಳಬೇಡಿ. 2015ರ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಕೊನೆಯ ಹಿಂದಿನ ಸುತ್ತು ತಲುಪಿದ ಚಿತ್ರಗಳಲ್ಲಿ 20 ಶೇಕಡಾ ತಿದ್ದುಪಡಿಯ ಕಾರಣಕ್ಕೆ ಹೊರಬಿದ್ದವು. 2018ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ತನ್ನ ವನ್ಯಜೀವಿ ಸ್ಪರ್ಧೆಯ ಒಂದು ಬಹುಮಾನ ವಾಪಸ್ ಪಡೆಯಿತು. ಚಿತ್ರದಲ್ಲಿದ್ದ ಇರುವೆ ತಿನ್ನುವ ಪ್ರಾಣಿ ಜೀವಂತದ್ದಲ್ಲ, ಸತ್ತ ಪ್ರಾಣಿಯ ಚರ್ಮ ತುಂಬಿ ಮಾಡಿದ್ದು ಎಂದು ಪರಿಣತರು ಹೇಳಿದ್ದರು. 2023ರಲ್ಲಿ ಸೋನಿ ವರ್ಲ್ಡ್ ಫೋಟೋಗ್ರಫಿ ಸ್ಪರ್ಧೆಯಲ್ಲಿ ಗೆದ್ದ ಜರ್ಮನಿಯ ಬೋರಿಸ್ ಎಲ್ಡಾಗ್ಸನ್, ತನ್ನ ಚಿತ್ರ ಎಐ ಮಾಡಿದ್ದು ಎಂದು ತಾನೇ ಹೇಳಿ ಬಹುಮಾನ ಬೇಡ ಎಂದರು. ಅಷ್ಟು ದೊಡ್ಡ ತೀರ್ಪುಗಾರರಿಗೇ ಬರೀ ಕಣ್ಣಿನಿಂದ ಗೊತ್ತಾಗಲಿಲ್ಲ. ಎಐ ಚಿತ್ರಕ್ಕೆ ಬೇರೆ ಸ್ಪರ್ಧೆ ಮಾಡಲಿ, ನನ್ನ ಅಡ್ಡಿ ಇಲ್ಲ. ಫೋಟೋ ಸ್ಪರ್ಧೆಯಲ್ಲಿ ಅದಕ್ಕೆ ಜಾಗ ಬೇಡ.

ಯಾವ ಅಳತೆಗೆ ಫೈಲ್ ಮಾಡಬೇಕು?

ಸಾಮಾನ್ಯವಾಗಿ ಅಗಲ 1920, ಎತ್ತರ 1080 ಪಿಕ್ಸೆಲ್ ಒಳಗೆ, ಎಸ್‌ಆರ್‌ಜಿಬಿ ಎಂಬ ಮಾಮೂಲಿ ಪರದೆಗಳ ಬಣ್ಣದ ಕ್ರಮದಲ್ಲಿ, ಜೆಪೆಗ್ ಫೈಲ್. ಉದ್ದ ನಿಂತ ಚಿತ್ರಕ್ಕೂ ಎತ್ತರ 1080 ದಾಟಬಾರದು. ಇದನ್ನು ತುಂಬಾ ಜನ ಮರೆಯುತ್ತಾರೆ.

ಸ್ಪರ್ಧೆಗೆ ಕಳಿಸಿದ ಫೋಟೋ ಆಯೋಜಕರದ್ದಾಗುತ್ತಾ?

ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಫೋಟೋ ತೆಗೆದವರೇ ಅದರ ಕರ್ತೃ. 2012ರ ತಿದ್ದುಪಡಿಯ ನಂತರ ಆ ಹಕ್ಕು ನಿಮ್ಮ ಜೀವಮಾನ ಪೂರ್ತಿ, ಮತ್ತೆ 60 ವರ್ಷ ಇರುತ್ತದೆ. ಹಕ್ಕನ್ನು ಬೇರೆಯವರಿಗೆ ವಹಿಸಬೇಕಾದರೆ ಅದು ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಕೆಲವು ಅರ್ಜಿಗಳಲ್ಲಿ "ಬಂದ ಎಲ್ಲ ಚಿತ್ರಗಳ ಪೂರ್ಣ ಹಕ್ಕು ನಮ್ಮದು" ಎಂಬ ಸಾಲು ಇರುತ್ತದೆ. ಅಂಥ ಸ್ಪರ್ಧೆಗೆ ನಾನು ಚಿತ್ರ ಕಳಿಸುವುದಿಲ್ಲ, ತೀರ್ಪಿಗೂ ಹೋಗುವುದಿಲ್ಲ. ಪ್ರದರ್ಶನಕ್ಕೆ, ಕ್ಯಾಟಲಾಗಿಗೆ ಬಳಸಲು ಅನುಮತಿ ಕೇಳಿದರೆ ಅದು ನ್ಯಾಯ.

## ತೀರ್ಪಿನ ಬಗ್ಗೆ

ಐದು ಸೆಕೆಂಡು ನೋಡಿ ಅಂಕ ಹಾಕ್ತಾರೆ. ನಾನು ಮೂರು ದಿನ ಕಾದು ತೆಗೆದದ್ದು. ಇದು ನ್ಯಾಯವಾ?

ಸಾವಿರಾರು ಚಿತ್ರ ಬರುವ ಸಲೋನಿನಲ್ಲಿ ಮೊದಲ ಸುತ್ತು ಬೇಗ ಮುಗಿಯದಿದ್ದರೆ ಕೆಲಸವೇ ಸಾಗುವುದಿಲ್ಲ. ಆದರೆ ನಿಮ್ಮ ಮಾತಿನಲ್ಲಿ ಸತ್ಯ ಇದೆ. ಬೇಗ ನೋಡಿದಾಗ ಗಾಢ ಬಣ್ಣದ, ಒಂದೇ ವಿಷಯದ ಚಿತ್ರ ಗೆಲ್ಲುತ್ತದೆ. ನಿಧಾನಕ್ಕೆ ತೆರೆದುಕೊಳ್ಳುವ ಚಿತ್ರ ಸೋಲುತ್ತದೆ. ಸಾಣಿಕಟ್ಟೆಯ ಉಪ್ಪಿನ ಗದ್ದೆಯಲ್ಲಿ ಬಿಳಿ ಮೇಲೆ ಬಿಳಿಯಾಗಿ ತೆಗೆದ ಚಿತ್ರಕ್ಕೆ ಐದು ಸೆಕೆಂಡು ಎಲ್ಲಿ ಸಾಕು?

ಜಿಲ್ಲಾ ಮಟ್ಟದ ಸ್ಪರ್ಧೆಗೆ ಇನ್ನೂರು ಮುನ್ನೂರು ಚಿತ್ರ ಬಂದಿರುತ್ತದೆ. ಅಲ್ಲಿ ಅವಸರಕ್ಕೆ ಕಾರಣ ಇಲ್ಲ. ಮೊದಲು ಅಂಕವೇ ಇಲ್ಲದೆ ಎಲ್ಲ ಚಿತ್ರ ಒಂದು ಸಲ ಓಡಿಸಬೇಕು. ಇಲ್ಲದಿದ್ದರೆ ಮೊದಲು ಬಂದ ಚಿತ್ರಗಳಿಗೆ ಕೈ ಬಿಗಿಹಿಡಿದು ಅಂಕ ಬೀಳುತ್ತದೆ, ಮಟ್ಟ ಗೊತ್ತಾಗುವ ಹೊತ್ತಿಗೆ ಅವು ಹೋಗಿಯಾಗಿರುತ್ತವೆ. ಮೊದಲ ಸುತ್ತು ಮುಗಿದ ಮೇಲೆ ಪ್ರತಿ ತೀರ್ಪುಗಾರರಿಗೂ ಹೊರಹೋದ ಚಿತ್ರಗಳಲ್ಲಿ ಕೆಲವನ್ನು ವಾಪಸ್ ಕರೆಯುವ ಹಕ್ಕು ಕೊಡಬೇಕು. ನಾನು ಹೋದಲ್ಲೆಲ್ಲ ಇದನ್ನು ಕೇಳಿ ಪಡೆಯುತ್ತೇನೆ.

ಹಾಗೇ ಇನ್ನೊಂದು ಮಾತು. ನೀವು ಮೂರು ದಿನ ಕಾದದ್ದು ಪರದೆಯ ಮೇಲೆ ಕಾಣುವುದಿಲ್ಲ. ಕಾದದ್ದರಿಂದ ಸಿಕ್ಕಿದ್ದು ಕಾಣಬೇಕು.

ಯಾವಾಗಲೂ ಮೂವರೇ ಯಾಕೆ? ಒಬ್ಬರು ಗೊತ್ತಿದ್ದವರು ಸಾಲದಾ?

ಒಬ್ಬರ ಇಷ್ಟಾನಿಷ್ಟ ಇಡೀ ಫಲಿತಾಂಶ ಆಗಬಾರದು ಎಂದು. ಆದರೆ ಅಂಕ ಕೂಡಿಸುವುದರಲ್ಲೂ ಒಂದು ತೊಡಕಿದೆ. ಒಂದು ಚಿತ್ರಕ್ಕೆ 5, 5, 5 ಬಿತ್ತು ಎನ್ನಿ. ಇನ್ನೊಂದಕ್ಕೆ 9, 3, 3. ಎರಡೂ 15. ಮೊದಲನೆಯದು ಯಾರಿಗೂ ಬೇಸರ ತರದ ಚಿತ್ರ. ಎರಡನೆಯದರಲ್ಲಿ ಒಬ್ಬರಿಗೆ ಉಳಿದವರು ಕಾಣದ ಏನೋ ಕಂಡಿದೆ. ಅಂಕಗಳ ನಡುವೆ ಅಷ್ಟು ಅಂತರ ಇದ್ದರೆ ಆ ಚಿತ್ರವನ್ನು ಮತ್ತೆ ಪರದೆಗೆ ತಂದು, 9 ಕೊಟ್ಟವರು ಕಾರಣ ಹೇಳಬೇಕು. ಅಂಕ ಹಾಕುವಾಗ ಮಾತ್ರ ಮೂವರೂ ಮಾತಾಡದೆ, ಹೆಸರು ತಿಳಿಯದೆ, ಕ್ರಮಸಂಖ್ಯೆ ನೋಡಿಯೇ ಹಾಕಲಿ.

ರೂಲ್ ಆಫ್ ಥರ್ಡ್ಸ್ ಇಲ್ಲ ಅಂತ ಅಂಕ ಕಳೆದ್ರು. ಅದು ಅಷ್ಟು ಮುಖ್ಯವಾ?

ಚೌಕಟ್ಟನ್ನು ಮೂರು ಪಾಲು ಮಾಡಿ, ಮುಖ್ಯ ವಿಷಯವನ್ನು ನಡುವಿನ ಬದಲು ಆ ಗೆರೆಯ ಮೇಲೆ ಇಡಿ ಎನ್ನುವ ನಿಯಮ ಅದು. ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ 1797ರಲ್ಲಿ ನಿಸರ್ಗದ ವರ್ಣಚಿತ್ರಗಳ ಬಗ್ಗೆ ಬರೆಯುತ್ತಾ ಹೇಳಿದ ಸಲಹೆ ಅದು. ಆಗ ಫೋಟೋಗ್ರಫಿ ಹುಟ್ಟಿಯೇ ಇರಲಿಲ್ಲ. ಕಲಿಯುವಾಗ ಒಳ್ಳೆಯ ಊರುಗೋಲು. ಯಾಣದ ಭೈರವೇಶ್ವರ ಶಿಖರವನ್ನು ನಟ್ಟನಡುವೆ ಇಟ್ಟು ಅದರ ಗಾತ್ರ ತೋರಿಸಿದವರಿಗೆ ಆ ಕಾರಣಕ್ಕೆ ಅಂಕ ಕಳೆದರೆ ಅದು ತೀರ್ಪುಗಾರರ ಕೊರತೆ.

ಹೊರಗಿಂದ ಬಂದ ತೀರ್ಪುಗಾರರಿಗೆ ನಮ್ಮ ಕಡೆಯ ವಿಷಯ ಗೊತ್ತೇ ಇರಲ್ಲ. ಅವರ ಹತ್ರ ಹೇಗೆ ನ್ಯಾಯ ಸಿಗುತ್ತೆ?

ಇದನ್ನು ಕೇಳಿದವರ ನೋವು ನನಗೆ ಅರ್ಥವಾಗುತ್ತದೆ. ಶಿರಸಿಯ ಬೇಡರ ವೇಷ ನೋಡಿ. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿಯ ರಾತ್ರಿಗಳಲ್ಲಿ ಅದು ಬರುತ್ತದೆ. ನವಿಲುಗರಿ ಕಟ್ಟಿ, ಕತ್ತಿ ಗುರಾಣಿ ಹಿಡಿದು ಕುಣಿಯುವ ವೇಷಧಾರಿಯನ್ನು ಹಿಂದಿನಿಂದ ಇಬ್ಬರು ಹಗ್ಗದಲ್ಲಿ ಹಿಡಿದಿರುತ್ತಾರೆ. ಗೊತ್ತಿಲ್ಲದವರು "ಹಿಂದೆ ಇಬ್ಬರು ಅಡ್ಡ ಬಂದಿದ್ದಾರೆ, ಹಿನ್ನೆಲೆ ಚೊಕ್ಕ ಇಲ್ಲ" ಎಂದುಬಿಡಬಹುದು. ಆ ಹಗ್ಗ, ಆ ಎಳೆದಾಟ ಇಲ್ಲದಿದ್ದರೆ ಬೇಡನ ಆವೇಶವೇ ಇಲ್ಲ. ಹಾಲಕ್ಕಿ ಸಮುದಾಯದವರ ಸುಗ್ಗಿ ಕುಣಿತದಲ್ಲಿ ತಲೆಯ ತುರಾಯಿಗಳೆಲ್ಲ ಒಟ್ಟೊಟ್ಟಿಗೆ ಇರುವುದೇ ಚೆಂದ, ಒಬ್ಬರನ್ನೇ ಬೇರೆ ಮಾಡಿ ತೆಗೆಯಬೇಕಿತ್ತು ಎಂಬ ಸಲಹೆ ಅಲ್ಲಿ ಹೊಂದುವುದಿಲ್ಲ. ಅಡಿಕೆ ಮರದ ತುದಿಯಲ್ಲಿ ಕೊನೆ ಕೊಯ್ಯುವ ಕೊನೆಗೌಡ ಒಂದು ಮರದಿಂದ ಇನ್ನೊಂದಕ್ಕೆ ದಾಟುವ ಗಳಿಗೆ ಎಷ್ಟು ಅಪರೂಪ ಎಂಬುದು ತೋಟ ನೋಡಿದವರಿಗೇ ಗೊತ್ತು.

ಹಾಗೆಂದು ಮೂವರೂ ಊರವರೇ ಆದರೆ ಇನ್ನೊಂದು ತೊಂದರೆ. ನಮಗೆ ಗೊತ್ತಿರುವ ಕತೆಯನ್ನು ಚಿತ್ರದಲ್ಲಿ ಇಲ್ಲದಿದ್ದರೂ ಸೇರಿಸಿಕೊಂಡು ನೋಡುತ್ತೇವೆ. ಪರಿಚಯದವರ ಶೈಲಿ ಬೇರೆ ಗುರುತು ಸಿಗುತ್ತದೆ. ನನಗೆ ಸರಿ ಕಂಡದ್ದು ಇಷ್ಟು: ಒಬ್ಬರು ಸ್ಥಳೀಯರು, ಇಬ್ಬರು ಹೊರಗಿನವರು. ಜನಪದ ಅಥವಾ ದಿನನಿತ್ಯದ ಬದುಕಿನ ವಿಭಾಗ ಇದ್ದರೆ ಪ್ರತಿ ಚಿತ್ರದ ಜೊತೆ ಒಂದೇ ಸಾಲಿನ ವಿವರ ಕೇಳಿ, ಎರಡನೇ ಸುತ್ತಿನಲ್ಲಿ ಓದಿ ಹೇಳಬೇಕು. ಮೊದಲ ಸುತ್ತಿನಲ್ಲಿ ಬೇಡ. ಚಿತ್ರ ಮೊದಲು ತಾನೇ ಮಾತಾಡಲಿ.

## ತೀರ್ಪುಗಾರರಿಗೆ, ಭಾಷಣಕಾರರಿಗೆ, ಆಯೋಜಕರಿಗೆ

ಮೊದಲ ಸಲ ತೀರ್ಪಿಗೆ ಕರೆದಿದ್ದಾರೆ. ಚಿತ್ರದ ಬಗ್ಗೆ ಏನು ಮಾತಾಡಲಿ?

ಮೊದಲು ಪರದೆಯಲ್ಲಿ ಏನು ಕಾಣುತ್ತಿದೆ ಎಂದು ಹೇಳಿ. "ಬಲೆ ಎಳೆಯುವವರ ಬೆನ್ನು ಕಾಣುತ್ತಿದೆ. ಕಣ್ಣು ಹಗ್ಗದ ಗುಂಟ ಹೋಗಿ ನೀರಲ್ಲಿ ನಿಲ್ಲುತ್ತದೆ." ಇಷ್ಟು ಹೇಳಿದರೆ ತೆಗೆದವರಿಗೆ ತನ್ನ ಚಿತ್ರವನ್ನು ಯಾರೋ ನಿಜವಾಗಿ ನೋಡಿದ್ದಾರೆ ಎಂಬ ಭರವಸೆ ಬರುತ್ತದೆ. ಆಮೇಲೆ ಚೆನ್ನಾಗಿ ಕೂಡಿಬಂದ ಒಂದು ಸಂಗತಿ ಹೇಳಿ, ಯಾಕೆ ಎಂದೂ ಹೇಳಿ. ಕೊನೆಗೆ ಬದಲಿಸಬಹುದಾದ ಒಂದು ಸಂಗತಿ. ಅದು ಸ್ಥಳದಲ್ಲೇ ಮಾಡಬೇಕಿದ್ದದ್ದಾ, ಈಗ ಕಂಪ್ಯೂಟರಿನಲ್ಲಿ ಆಗುವಂಥದ್ದಾ ಎಂದು ಬಿಡಿಸಿ ಹೇಳಿ. "ನಾನಾಗಿದ್ದರೆ ಹೀಗೆ ತೆಗೀತಿರಲಿಲ್ಲ" ಎನ್ನುವ ಮಾತಿನಿಂದ ಯಾರಿಗೂ ಏನೂ ಸಿಗುವುದಿಲ್ಲ. "ನನಗೆ ಹಾವು ಕಂಡರಾಗದು" ಎಂಬುದೂ ತೀರ್ಪಲ್ಲ.

ಗೆದ್ದ ಚಿತ್ರಗಳಷ್ಟೇ ಸೋತ ಚಿತ್ರಗಳ ಬಗ್ಗೆಯೂ ಮಾತಾಡಿ. ಜೋಯಿಡಾದಿಂದ ಬಸ್ಸು ಹಿಡಿದು ಒಂದೇ ಒಂದು ಪ್ರಿಂಟ್ ತಂದ ಹುಡುಗಿ ತನ್ನದು ಯಾಕೆ ಹೋಯಿತು ಎಂದು ತಿಳಿಯದೆ ವಾಪಸ್ ಹೋಗಬಾರದು. ಅಂಕ ಕೊಟ್ಟ ಮೇಲೆ ಕಾರಣ ಹೇಳುವುದು ತೀರ್ಪುಗಾರರ ಕೆಲಸದ ಭಾಗ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಆಯೋಜಕರು ಬಹುಮಾನ ವಿತರಣೆಯ ಮೊದಲು ಇದಕ್ಕೆ ಕನಿಷ್ಠ ಒಂದು ಗಂಟೆ ಇಡಲಿ. ಬಹುಮಾನ ಕೊಟ್ಟ ಮೇಲೆ ಇಟ್ಟರೆ ಸಭೆ ಖಾಲಿಯಾಗುತ್ತದೆ. ಸೋತ ಚಿತ್ರದ ಮಾತು ಬಂದಾಗ ಹೆಸರು ಹೇಳಬೇಡಿ.

ಕ್ಲಬ್ಬಿನಲ್ಲಿ ಒಂದು ಗಂಟೆ ಮಾತಾಡಬೇಕು. ಎಷ್ಟು ಫೋಟೋ ತೋರಿಸಲಿ?

ಮೂವತ್ತು ನಲವತ್ತು ಸಾಕು. ಇನ್ನೂರು ತೋರಿಸಿದರೆ ಒಂದೂ ನೆನಪಿರುವುದಿಲ್ಲ. ಗೆದ್ದ ಚಿತ್ರದ ಹಿಂದೆ ಮುಂದೆ ತೆಗೆದ ನಾಲ್ಕೈದು ಫ್ರೇಮುಗಳನ್ನೂ ತೋರಿಸಿ. ಎಲ್ಲಿ ನಿಂತಿದ್ದಿರಿ, ಯಾಕೆ ಸರಿದಿರಿ ಎಂಬುದು ಅದರಿಂದ ಗೊತ್ತಾಗುತ್ತದೆ. ಜನ ಟಿಪ್ಪಣಿ ಮಾಡಿಕೊಳ್ಳುವುದು ಆಗಲೇ. ಲೆನ್ಸಿನ ಬೆಲೆ, ಮಾಡೆಲ್ ನಂಬರಿನ ಮಾತು ಪ್ರಶ್ನೋತ್ತರಕ್ಕೆ ಬಿಡಿ. ಕೊನೆಯ 15 ನಿಮಿಷ ಪ್ರಶ್ನೆಗೆ ಉಳಿಸಿ.

ಪ್ರೊಜೆಕ್ಟರಿನಲ್ಲಿ ಬಣ್ಣವೇ ಬೇರೆ ಕಾಣುತ್ತೆ. ಕಪ್ಪೆಲ್ಲ ಬೂದಿ. ಏನು ಮಾಡೋದು?

ಅರ್ಧ ಗಂಟೆ ಮೊದಲೇ ಹಾಕಿ ಬಿಸಿಯಾಗಲು ಬಿಡಿ. ವಿವಿಡ್, ಡೈನಾಮಿಕ್ ಮುಂತಾದ ಮೋಡ್ ಬಿಟ್ಟು ಎಸ್‌ಆರ್‌ಜಿಬಿ ಅಥವಾ ಸಿನೆಮಾ ಮೋಡಿಗೆ ಹಾಕಿ. ಕಪ್ಪಿನಿಂದ ಬಿಳುಪಿಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಬೂದು ಪಟ್ಟಿಯ ಒಂದು ಚಿತ್ರ ಹಾಕಿ ನೋಡಿ. ಎರಡೂ ತುದಿಯ ಮೆಟ್ಟಿಲು ಬೇರೆ ಬೇರೆಯಾಗಿ ಕಂಡರೆ ಸರಿ ಇದೆ. ಕಪ್ಪು ಬೂದಿಯಾಗಲು ಮುಖ್ಯ ಕಾರಣ ಕೋಣೆಯ ಬೆಳಕು. ನಮ್ಮ ಶಾಲೆ, ಸಮುದಾಯ ಭವನಗಳ ಕಿಟಕಿಗೆ ಪರದೆ ಕಡಿಮೆ. ದಪ್ಪ ಕಪ್ಪು ಬಟ್ಟೆ ಕಟ್ಟಿ, ಇಲ್ಲವೇ ತೀರ್ಪನ್ನೇ ಸಂಜೆಗೆ ಇಡಿ. ಒಂದೇ ಒಬ್ಬರ ಚಿತ್ರ ಸಪ್ಪೆ ಕಂಡರೆ ಅದು ಬೇರೆ ಬಣ್ಣದ ಕ್ರಮವಾದ ಅಡೋಬಿ ಆರ್‌ಜಿಬಿಯಲ್ಲಿ ಉಳಿದಿದೆಯೇ ನೋಡಿ. ಕರೆಂಟು ಹೋದರೆ ಲ್ಯಾಪ್‌ಟಾಪಿನಲ್ಲಿ ಮುಂದುವರಿಸಬೇಡಿ. ಅರ್ಧ ಚಿತ್ರ ದೊಡ್ಡ ಪರದೆಯಲ್ಲಿ, ಅರ್ಧ ಸಣ್ಣದರಲ್ಲಿ ನೋಡಿದರೆ ಅದು ಒಂದೇ ಸ್ಪರ್ಧೆ ಆಗುವುದಿಲ್ಲ.

ಮಳೆಗಾಲದಲ್ಲಿ ಪ್ರಿಂಟ್ ಪ್ರದರ್ಶನ ಇಡಬಹುದಾ?

ಕಷ್ಟ. ತೇವಕ್ಕೆ ಪ್ರಿಂಟ್ ಬಾಗುತ್ತದೆ, ಮೌಂಟ್ ಬಿಡುತ್ತದೆ. ದೇವಿಮನೆ ಘಟ್ಟದ ರಸ್ತೆ ಕೆಟ್ಟರೆ ಘಟ್ಟದ ಮೇಲಿನವರು ಬರಲಾಗುವುದಿಲ್ಲ. ಆ ತಿಂಗಳುಗಳನ್ನು ವಿಮರ್ಶೆಗೆ, ಮಾತಿಗೆ ಇಟ್ಟುಕೊಳ್ಳಿ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ದೋಣಿಗಳು ದಡದಲ್ಲಿರುತ್ತವೆ, ಬಲೆ ಹೆಣೆಯುವ ಕೆಲಸ ನಡೆಯುತ್ತದೆ. ಅವರ ಹತ್ತಿರ ಕೇಳಿ, ಕೂತು, ಮಾತಾಡಿ ಫೋಟೋ ತೆಗೆಯಲು ಅದು ಒಳ್ಳೆಯ ಕಾಲ.

ಗೆದ್ದ ಫೋಟೋ ಮೇಲೆ ದೂರು ಬಂತು. ಈಗೇನು ಮಾಡೋದು?

ರಾ ಫೈಲ್ (ಕ್ಯಾಮೆರಾ ಉಳಿಸಿದ, ತಿದ್ದದ ಮೂಲ ಫೈಲ್) ಕೇಳಿ. ಅದರ ಹಿಂದೆ ಮುಂದೆ ತೆಗೆದ ಫ್ರೇಮುಗಳನ್ನೂ ಕೇಳಿ. ನಿಜವಾಗಿ ಸ್ಥಳದಲ್ಲಿ ನಿಂತು ತೆಗೆದವರ ಹತ್ತಿರ ಅವು ಸಾಮಾನ್ಯವಾಗಿ ಇರುತ್ತವೆ. ಮೊಬೈಲ್ ಆದರೆ ಮೂಲ ಫೈಲ್. ಒಂದು ವಾರ ಸಮಯ ಕೊಡಿ. ಅಲ್ಲಿಯವರೆಗೆ ದೂರು ಕೊಟ್ಟವರೂ ಕೇಳಿಸಿಕೊಂಡವರೂ ಸುಮ್ಮನಿರಬೇಕು. ಚಿತ್ರ ನಿಜವಾಗಿದ್ದರೆ ತೆಗೆದವರ ಹೆಸರು ಕೆಡಬಾರದು. ತೀರ್ಪುಗಾರರು ಮೂಲ ಫೈಲ್ ನೋಡಿ ಬರಹದಲ್ಲಿ ಅಭಿಪ್ರಾಯ ಕೊಡಲಿ. ನಿಯಮ ಮೀರಿದ್ದು ಖಚಿತವಾದರೆ ಬಹುಮಾನ ವಾಪಸ್ ಪಡೆದು ಮುಂದಿನವರಿಗೆ ಕೊಡಿ, ಫಲಿತಾಂಶ ಬದಲಾದದ್ದನ್ನು ಎಲ್ಲರಿಗೂ ತಿಳಿಸಿ. ಮುಂದಿನ ವರ್ಷದಿಂದ ಪ್ರತಿ ವಿಭಾಗದ ಮೊದಲ ಹತ್ತು ಚಿತ್ರಗಳ ಮೂಲ ಫೈಲನ್ನು ಫಲಿತಾಂಶ ಪ್ರಕಟಿಸುವ ಮೊದಲೇ ತರಿಸಿಕೊಳ್ಳಿ. ಈ ಷರತ್ತು ಅರ್ಜಿಯಲ್ಲೇ ಅಚ್ಚಾಗಿರಲಿ.